ಮೊದಲು ಹುಳುಕು ಹೇಳಿ

ಟ್ರೆವಾನನ್ ಎಂಬ ಹಳೆಯ ಗಣಿ ಊರಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಯಾರ ಮನೆಗೂ ಫೋನ್ ಮಾಡಿ ಪ್ರಯೋಜನವಿಲ್ಲ. ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೂ "ತಡಿ, ಲೆಂಪಿ ಮಾತಾಡ್ತಿದಾಳೆ" ಎಂದು ಇಟ್ಟುಬಿಡುತ್ತಾರೆ. ಆ ಒಂದು ಗಂಟೆ ಊರಿನ ರೇಡಿಯೋದಲ್ಲಿ 'ಕೊಡು-ಕೊಳ್ಳು' ಬರುತ್ತದೆ. ಹಿಮ ತಳ್ಳುವ ಯಂತ್ರ, ತೊಟ್ಟಿಲು, ಜಿಂಕೆ ಬೇಟೆಯ ಬೂಟು, ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೋಳಿ, ಹೀಗೆ ಮನೆಗೆ ಬೇಡವಾದದ್ದನ್ನು ಜನ ಫೋನಿನಲ್ಲಿ ಹೇಳುತ್ತಾರೆ; ಬೇಕಾದವರು ಕಿವಿಗೊಟ್ಟು ಕೇಳುತ್ತಾರೆ. ನಡುವೆ ಕೂತು ನಡೆಸಿಕೊಡುವವಳು ಲೆಂಪಿ ನಿಸುಲ.

ಲೆಂಪಿಗೆ ಅರವತ್ತೆಂಟು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮುಖ್ಯ ಬೀದಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದಾಳೆ. ಊರಿನ ಯಾವ ಕುರ್ಚಿ ಯಾರ ಅಜ್ಜನದು, ಅದರ ಕಾಲು ಯಾವ ಜಗಳದಲ್ಲಿ ಮುರಿಯಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷದ ಹಿಂದೆ ರೇಡಿಯೋದವರು ಅದಕ್ಕೇ ಅವಳನ್ನು ಕರೆದು ಕೂರಿಸಿದರು. ಸಂಬಳವಿಲ್ಲ, ಕಾಫಿ ಉಂಟು. ಕಾಫಿಯೂ ಅಷ್ಟಕ್ಕಷ್ಟೆ.

ಇದು ಕೇಳುಗರ ಚಂದಾದಿಂದ ನಡೆಯುವ ಸಾರ್ವಜನಿಕ ರೇಡಿಯೋ. ಕಾಲೇಜಿನ ನೆಲಮಾಳಿಗೆಯಲ್ಲಿ ಎರಡು ಕೋಣೆ, ಒಂದು ಹೀಟರು. ಜಾಹೀರಾತು ನಿಷಿದ್ಧ. ಕೂರಿಸುವ ಮೊದಲು ಲೆಂಪಿಯಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು: ಅಂಗಡಿಯವರ ಮಾಲು ಈ ಕಾರ್ಯಕ್ರಮದಲ್ಲಿ ಬರಕೂಡದು, ನಡೆಸಿಕೊಡುವವರ ಸ್ವಂತದ್ದಂತೂ ಬರಲೇಕೂಡದು. ಲೆಂಪಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಆದರೆ ಕಾಗದದಲ್ಲಿ ಮಾರಕೂಡದು ಎಂದಿತ್ತೇ ಹೊರತು ಕೊಳ್ಳಕೂಡದು ಎಂದಿರಲಿಲ್ಲ. ಹತ್ತು ಗಂಟೆಗೆ ಕಾರ್ಯಕ್ರಮ ಮುಗಿದರೆ ಹತ್ತೂ ಹತ್ತಕ್ಕೆ ಅವಳ ಹಸಿರು ವ್ಯಾನು ಅಂದಿನ ಅತ್ಯುತ್ತಮ ಮಾಲಿನ ಮನೆಯ ಮುಂದೆ ನಿಂತಿರುತ್ತಿತ್ತು. ನಿಯಮ ಬರೆದವರು ವ್ಯಾಪಾರ ಮಾಡಿದವರಲ್ಲ ಎನ್ನುವುದು ಆಗಲೇ ತಿಳಿಯುತ್ತದೆ.

ಅವಳದೊಂದು ಪ್ರಶ್ನೆ ಊರಿಗೇ ಪ್ರಸಿದ್ಧ. ಯಾರು ಏನನ್ನೇ ಹೊಗಳಲಿ, ಕೊನೆಗೆ ಅವಳು ಕೇಳುವುದು ಒಂದೇ: "ಹುಳುಕೇನು?"

ಶಾಫ್ಟ್ ಬೀದಿಯ ಡೋರೀನ್ ಗಸ್ಪಾರಿ ಹೊಲಿಗೆ ಯಂತ್ರ ಮಾರಲು ಹೊರಟ ದಿನ ನಡೆದದ್ದನ್ನು ಜನ ಇನ್ನೂ ಹೇಳಿಕೊಂಡು ನಗುತ್ತಾರೆ.

"ಹೊಸದರ ಹಾಗೇ ಇದೆ ಲೆಂಪಿ."

"ಹುಳುಕೇನು?"

"ಏನೂ ಇಲ್ಲ."

"ಡೋರೀನ್..."

"ಸೂಜಿ ಒಂಚೂರು ಎಡಕ್ಕೆ ವಾಲುತ್ತೆ."

"ಒಂಚೂರು ಅಂದ್ರೆ?"

"ಸೀದಾ ಹೊಲಿಗೆ ಬೇಕು ಅನ್ನೋರು ಬರೋದು ಬೇಡ."

ಯಂತ್ರ ಅದೇ ದಿನ ಹೋಯಿತು. ಹುಳುಕನ್ನು ಕೊಳ್ಳುವವನು ಕಂಡುಹಿಡಿದರೆ ಮಾಲಿಗೆ ಅರ್ಧ ಬೆಲೆ, ಮಾರುವವನೇ ಮೊದಲು ಹೇಳಿದರೆ ಮುಕ್ಕಾಲು ಬೆಲೆ. ಲೆಂಪಿ ಅಂಗಡಿ ನಡೆಸಿದ್ದು ಈ ಲೆಕ್ಕದ ಮೇಲೆ. ತನ್ನ ಮನೆಯ ಗೋಡೆಯೊಳಗೇ ಒಂದು ಹುಳುಕಿದೆ ಎನ್ನುವುದು ಮಾತ್ರ ಅವಳಿಗೆ ಗೊತ್ತಾದದ್ದು ಈ ವರ್ಷ ಏಪ್ರಿಲಿನಲ್ಲಿ.

ಮಗಳು ಕ್ಯಾರಿನ್ ವರ್ಷ ತುಂಬಿದ ಕೂಸು ಜೂನಿಯೊಂದಿಗೆ ತಾಯಿಯ ಮನೆಯ ಮಹಡಿಯಲ್ಲೇ ಇದ್ದಾಳೆ. ಕೂಸಿನ ವಾರ್ಷಿಕ ತಪಾಸಣೆಯಲ್ಲಿ ರಕ್ತ ತೆಗೆದಿದ್ದರು. ನರ್ಸು ಫೋನ್ ಮಾಡಿ, ಗಾಬರಿಯೇನಿಲ್ಲ, ಸೀಸದ ಪ್ರಮಾಣ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿದೆ, ಎಲ್ಲಿಂದ ಬರುತ್ತಿದೆಯೆಂದು ನೋಡಿ ಎಂದಳು. ಗಾಬರಿಯೇನಿಲ್ಲ ಎಂದು ಶುರುವಾಗುವ ಮಾತಿಗೆ ಯಾವ ತಾಯಿ ಗಾಬರಿಯಾಗದೆ ಇದ್ದಾಳೆ?

"ಅಮ್ಮಾ, ಬಣ್ಣ ಎಲ್ಲ ಹೊಸದು. ಆಟದ ಸಾಮಾನೂ ಹೊಸದು" ಎಂದು ಕ್ಯಾರಿನ್ ಮನೆಯೆಲ್ಲ ಹುಡುಕಿದಳು. "ಇನ್ನೆಲ್ಲಿಂದ ಬರುತ್ತೆ?"

"ಹಾಲಿನ ಪುಡಿಯನ್ನ ಯಾವುದರಲ್ಲಿ ಕಲಸಿದ್ವಿ ಇಷ್ಟು ದಿನ?"

"ನೀರಲ್ಲಿ... ಮತ್ತಿನ್ಯಾವುದರಲ್ಲಿ?"

ಇಬ್ಬರೂ ನಲ್ಲಿಯತ್ತ ನೋಡಿದರು.

ರೇಡಿಯೋದ ಮುಖ್ಯಸ್ಥ ವೆಂಡೆಲ್ ಓಕ್ಸ್ ಹಿಂದಿನ ಚಳಿಗಾಲದಲ್ಲೇ ನೀರಿನ ಬಗ್ಗೆ ಏಳು ಕಂತಿನ ಕಾರ್ಯಕ್ರಮ ಮಾಡಿದ್ದ. ವೆಂಡೆಲ್ ದಕ್ಷಿಣದವನು, ದೊಡ್ಡ ಸೇತುವೆಯ ಆಚೆಯಿಂದ ಬಂದವನು. ಆಚೆಯಿಂದ ಬಂದವರೆಲ್ಲ ಊರಿನವರ ಮಾತಿನಲ್ಲಿ 'ಸೇತುವೆ ಕೆಳಗಿನ ಭೂತ'ಗಳು. ಒಳ್ಳೆಯ ಹುಡುಗ, ನಲವತ್ತರ ಹುಡುಗ. ಹೊರಗಿನಿಂದ ಅನುದಾನ ತಂದು, ನಾಲ್ವರು ವಿಜ್ಞಾನಿಗಳನ್ನು ಮಾತಾಡಿಸಿ, 'ನಮ್ಮ ನೀರು, ನಮ್ಮ ನಾಳೆ' ಎಂದು ಹೆಸರಿಟ್ಟಿದ್ದ. ಪ್ರತಿ ಕಂತೂ ನೀರು ತೊಟ್ಟಿಕ್ಕುವ ಸದ್ದಿನಿಂದ ಶುರು. ಲೆಂಪಿಯ ಪಕ್ಕದ ಮನೆಯ ಅರ್ವಿಡ್ ಪೆಲ್ಟೊ ಆ ಸದ್ದಿಗೆ ಎರಡು ಸಲ ಎದ್ದು ಅಡುಗೆಮನೆಯ ನಲ್ಲಿ ತಿರುಗಿಸಿ ಬಂದಿದ್ದ. ಮೂರನೆಯ ಸಲ ರೇಡಿಯೋವನ್ನೇ ತಿರುಗಿಸಿದ.

ಲೆಂಪಿಯೂ ಕೇಳಿರಲಿಲ್ಲ. ಈಗ ಸ್ಟುಡಿಯೋಗೆ ಹೋಗಿ ಏಳನ್ನೂ ಒಂದೇ ಮಧ್ಯಾಹ್ನ ಕೇಳಿದಳು. ನಾಲ್ಕನೆಯ ಕಂತಿನಲ್ಲಿ, ಇಪ್ಪತ್ತು ನಿಮಿಷ ದಾಟಿದ ಮೇಲೆ, ಬೇಕಾದ ಮಾತು ಸಿಕ್ಕಿತು: ಬೀದಿಯಿಂದ ಮನೆಗೆ ನೀರು ತರುವ ಕೊಳವೆ ನೆಲಮಾಳಿಗೆಯ ಗೋಡೆಯಿಂದ ಒಳಬರುವ ಜಾಗದಲ್ಲಿ ಅಯಸ್ಕಾಂತ ಇಟ್ಟು ನೋಡಿ, ಹಿಡಿದರೆ ಕಬ್ಬಿಣ. ಹಿಡಿಯದಿದ್ದರೆ ಕೀಲಿಕೈಯಲ್ಲಿ ಸ್ವಲ್ಪ ಕೆರೆಯಿರಿ. ಕೆಂಪಗಿದ್ದರೆ ತಾಮ್ರ, ಬೆಳ್ಳಿಯ ಹಾಗೆ ಹೊಳೆದರೆ ಸೀಸ.

ಮನೆಗೆ ಬಂದು ಫ್ರಿಜ್ಜಿನ ಬಾಗಿಲಿನಿಂದ ಮೀನಿನಾಕಾರದ ಅಯಸ್ಕಾಂತ ಕಿತ್ತುಕೊಂಡು ನೆಲಮಾಳಿಗೆಗೆ ಇಳಿದಳು. ಮೀನು ಕೊಳವೆಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಟ್ಟಳು, ಮತ್ತೆ ಬಿತ್ತು. ವ್ಯಾನಿನ ಕೀಲಿಯಿಂದ ಕೆರೆದಳು. ಹೊಳೆಯಿತು.

ಅಂದಿನಿಂದ ಕೂಸಿಗೆ ಬಾಟಲಿ ನೀರು ಬಂತು. ಲೆಂಪಿ ಪುರಸಭೆಗೆ ಹೋದಳು. ಅಲ್ಲಿನ ಗುಮಾಸ್ತೆ ನಕ್ಷೆ ಹರಡಿ ವಿಷಯ ಹೇಳಿದಳು: ಹಳೆಯ ಕೊಳವೆ ಕಿತ್ತು ಹೊಸದು ಹಾಕುವ ಕೆಲಸ ಈ ಬೇಸಿಗೆಯಲ್ಲೇ ಶುರು. ಆದರೆ ಒಂದೊಂದೇ ಮನೆಗೆ ಅಗೆಯುವುದಿಲ್ಲ, ಇಡೀ ಬೀದಿ ಒಟ್ಟಿಗೆ. ಅರ್ಧಕ್ಕಿಂತ ಹೆಚ್ಚು ಮನೆಯವರು ತಮ್ಮ ಕೊಳವೆ ಎಂಥದೆಂದು ಬರೆದುಕೊಟ್ಟ ಬೀದಿಗಳಿಗೆ ಮೊದಲ ಸರದಿ. ಉಳಿದ ಬೀದಿಗಳು ಆಮೇಲೆ.

"ಆಮೇಲೆ ಅಂದ್ರೆ?"

"ಆರು ವರ್ಷ, ಏಳು ವರ್ಷ. ಏಪ್ರಿಲ್ ಮೂವತ್ತು ಕೊನೇ ದಿನ ಲೆಂಪಿ. ನಿಮ್ಮ ಶಾಫ್ಟ್ ಬೀದಿಯಲ್ಲಿ ಮೂವತ್ತೊಂದು ಮನೆ. ಬಂದಿರೋದು ಐದು."

ಲೆಂಪಿಯದೂ ಸೇರಿ ಆರು. ಹದಿನಾರು ಬೇಕು. ಇನ್ನು ಹತ್ತು ಮನೆ. ಮೊಮ್ಮಗಳು ಜೂನಿಗೆ ಏಳು ವರ್ಷವಾಗುವವರೆಗೆ ಬಾಟಲಿ ನೀರು ಹೊರಲು ಲೆಂಪಿ ಸಿದ್ಧಳಿದ್ದಳು. ಆದರೆ ಬೀದಿಯಲ್ಲಿ ಇನ್ನೂ ನಾಲ್ಕು ಕೂಸುಗಳಿದ್ದವು, ಅವುಗಳ ತಾಯಂದಿರಿಗೆ ಯಾವ ನರ್ಸೂ ಇನ್ನೂ ಫೋನ್ ಮಾಡಿರಲಿಲ್ಲ.

ಮೊದಲು ಡೋರೀನಳ ಮನೆಗೆ ಹೋದಳು.

"ಪುರಸಭೆ ಕಾಗದ ಬಂತಲ್ಲ, ಯಾಕೆ ತುಂಬಿ ಕಳಿಸಲಿಲ್ಲ?"

"ಯಾವ ಕಾಗದ? ಓ, ಆ 'ಸರ್ವೀಸ್ ಲೈನ್' ಕಾಗದನಾ? ಒಲೆಗೆ ಹಾಕಿದೆ."

"ಯಾಕೆ?"

"ನಾನು ಆ ಲೈನ್ ತೆಗೆಸಿ ಹತ್ತು ವರ್ಷ ಆಯ್ತು ಕಣೇ. ಈಗ ಮೊಬೈಲೇ ಸಾಕು. ಫೋನ್ ಕಂಪನಿಯೋರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ."

ಲೆಂಪಿ ಅಂಗಳದಲ್ಲೇ ನಿಂತಳು. ಪುರಸಭೆಯವರು ಮನೆಗೆ ನೀರು ತರುವ ಕೊಳವೆಯನ್ನು 'ಸರ್ವೀಸ್ ಲೈನ್' ಎಂದು ಬರೆದಿದ್ದರು. ಶಾಫ್ಟ್ ಬೀದಿಯಲ್ಲಿ ಲೈನ್ ಎಂದರೆ ಟೆಲಿಫೋನು. ವೆಂಡೆಲ್‌ನ ಏಳು ಕಂತಿನಲ್ಲೂ, ರೇಡಿಯೋದಲ್ಲಿ ನಲವತ್ತು ಸಲ ಓದಿದ ಪುರಸಭೆಯ ಪ್ರಕಟಣೆಯಲ್ಲೂ ಅದೇ ಲೈನು. ಊರು ನಲವತ್ತು ಸಲ ಕೇಳಿ ನಲವತ್ತು ಸಲ ಇದು ತನಗಲ್ಲ ಎಂದುಕೊಂಡಿತ್ತು. ಬಿಡಿಸಿ ಹೇಳಿದರೂ ಡೋರೀನ್ ನಂಬದೆ ಕಾಫಿ ಕೊಟ್ಟು ಕಳಿಸಿದಳು.

ಅರ್ವಿಡ್ ಕಥೆ ಬೇರೆ. ಕಾಗದ ಓದಿದ್ದ, ಅರ್ಥವೂ ಆಗಿತ್ತು. "ನಮ್ಮನೇಲಿ ಎಲ್ಲಾ ಚೆನ್ನಾಗಿದೆ" ಎಂದ. ಅರ್ವಿಡ್‌ಗೆ ಎರಡು ಪಕ್ಕೆಲುಬು ಮುರಿದಾಗಲೂ ಆಸ್ಪತ್ರೆಯಲ್ಲಿ ಹೇಳಿದ್ದು ಇದೇ ಮಾತು. ಎದುರು ಮನೆಯ ಕ್ಲೈಡ್ ಟ್ರೆಗೆಯರ್ ಬಾಗಿಲನ್ನು ಒಂದು ಗೇಣು ತೆರೆದ. ಅವನ ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಹಲಗೆ ಶರತ್ಕಾಲದಿಂದ ನಿಂತಿತ್ತು. ಹಿಮದಲ್ಲಿ ಹೂತು ಈಗಷ್ಟೇ ತಲೆಯೆತ್ತಿತ್ತು.

"ಸೀಸ ಗೀಸ ಅಂತ ಬೀದಿ ಹೆಸರು ಕೆಡಿಸಬೇಡ ಲೆಂಪಿ. ನಾನು ಮನೆ ಮಾರಬೇಕು, ಮಗಳ ಹತ್ರ ಹೋಗಬೇಕು."

"ಕೊಳ್ಳೋನು ಕೆಳಗಿಳಿದು ನೋಡಲ್ವಾ?"

"ನೋಡಿದರೆ ನೋಡಲಿ. ನನ್ನ ಬಾಯಲ್ಲಂತೂ ಬರಲ್ಲ."

ಬಾಗಿಲು ಮುಚ್ಚಿತು. ಮೂರು ಮನೆಗೆ ಒಂದು ಸಂಜೆ ಹೋಯಿತು, ಸಿಕ್ಕಿದ್ದು ಡೋರೀನಳ ಕಾಫಿ ಮಾತ್ರ.

ಶುಕ್ರವಾರ ವೆಂಡೆಲ್‌ಗೆ ಎಲ್ಲ ಹೇಳಿದಳು. ಲೈನಿನ ಕಥೆ ಕೇಳಿ ಪಾಪ ಅವನು ಕುರ್ಚಿಯಲ್ಲಿ ಕುಸಿದ.

"ಏಳು ಕಂತು ಲೆಂಪಿ! ಒಬ್ರೂ ಹೇಳಲಿಲ್ವಲ್ಲ ನನಗೆ."

"ಕೇಳಿದ್ದರೆ ತಾನೇ ಹೇಳೋದು ಕಣಯ್ಯ. ನಾನೂ ಕೇಳಿರಲಿಲ್ಲ, ಬೇಜಾರು ಮಾಡ್ಕೋಬೇಡ. ನಾಲ್ಕನೇದು ಚೆನ್ನಾಗಿದೆ. ಅದರ ಮೊದಲ ಇಪ್ಪತ್ತು ನಿಮಿಷ ಕತ್ತರಿಸಬೇಕಿತ್ತು."

"ಎಂಟನೇ ಕಂತು ಮಾಡ್ತೀನಿ. ಸರಳವಾಗಿ."

"ಯಾವಾಗ ಆಗುತ್ತೆ?"

"ಜೂನ್ ಹೊತ್ತಿಗೆ."

"ನಾಳೆ ಶನಿವಾರ. ಬುಧವಾರ ಕೊನೇ ದಿನ. ನನ್ನ ಗಂಟೆಯಲ್ಲಿ ನಾನೇ ಮಾತಾಡಿದರೆ?"

ವೆಂಡೆಲ್ ಯೋಚಿಸಿದ. "ಪ್ರಕಟಣೆ ಓದಿ, ತೊಂದರೆ ಇಲ್ಲ. ಆದ್ರೆ ನಿಮ್ಮ ಮನೆ, ನಿಮ್ಮ ವಸ್ತು ಅಂತ ಏನೂ ತರಬೇಡಿ. ನಿಮ್ಮ ಸಹಿ ಇದೆ. ಆಡಳಿತ ಮಂಡಳಿಯವರು ಈ ವಿಷಯದಲ್ಲಿ ಬಿಗಿ. ಕಾರ್ಯಕ್ರಮವನ್ನೇ ಕಿತ್ತುಕೊಂಡಾರು."

ಲೆಂಪಿ ತಲೆಯಾಡಿಸಿದಳು. ಅವಳು ತಲೆಯಾಡಿಸಿದರೆ ಒಪ್ಪಿದಳೆಂದಲ್ಲ, ಕೇಳಿಸಿತು ಎಂದಷ್ಟೇ. ಅವಳ ಗಿರಾಕಿಗಳಿಗೆಲ್ಲ ಅದು ಗೊತ್ತು. ವೆಂಡೆಲ್ ಅವಳ ಅಂಗಡಿಯಲ್ಲಿ ಏನನ್ನೂ ಕೊಂಡವನಲ್ಲ.

ಶನಿವಾರ ಒಂಬತ್ತಕ್ಕೆ ಎಂದಿನಂತೆ ಶುರುವಾಯಿತು. ಒಂದು ದೋಣಿ, ಒಂದು ಜೊತೆ ಹಿಮದ ಟೈರು. ಒಂಬತ್ತೂ ಹನ್ನೆರಡಕ್ಕೆ ಲೆಂಪಿ ಗಂಟಲು ಸರಿಮಾಡಿಕೊಂಡಳು.

"ಮುಂದಿನದು ಶಾಫ್ಟ್ ಬೀದಿಯಿಂದ. ಮಾರಾಟಕ್ಕಿದೆ, ನೀರಿನ ಕೊಳವೆ. ಆರಡಿ. ಬೂದು ಬಣ್ಣ. ನೂರಕ್ಕೆ ಹತ್ತಿರ ವಯಸ್ಸು, ಗಣಿ ಕಂಪನಿಯವರೇ ಹಾಕಿಸಿದ್ದು. ನೆಲಮಾಳಿಗೆ ಗೋಡೆಯಿಂದ ಒಳಗೆ ಬಂದಿದೆ. ಕೊಳ್ಳೋರೇ ಬಿಚ್ಚಿಕೊಂಡು ಹೋಗಬೇಕು. ಮಾಲು ಯಾರದು ಅಂತ ಕೇಳ್ತೀರಿ. ನಂದೇ."

ಗಾಜಿನ ಆಚೆ ವೆಂಡೆಲ್ ಎದ್ದು ನಿಂತ.

"ಹುಳುಕೇನು ಅಂತಲೂ ಕೇಳ್ತೀರಿ. ಅದು ಸೀಸ. ಫ್ರಿಜ್ಜಿನ ಅಯಸ್ಕಾಂತ ಹಿಡಿಯಲ್ಲ, ಕೀಲಿಯಲ್ಲಿ ಕೆರೆದರೆ ಬೆಳ್ಳಿ ಹಾಗೆ ಹೊಳೆಯುತ್ತೆ. ಮೊಮ್ಮಗಳು ಒಂದು ವರ್ಷ ಅದರ ನೀರು ಕುಡಿದಿದಾಳೆ, ರಕ್ತದಲ್ಲಿ ಬಂದಿದೆ. ಪುರಸಭೆಯವರು ಬರೆದ 'ಸರ್ವೀಸ್ ಲೈನ್' ಅಂದ್ರೆ ಇದೇ, ಟೆಲಿಫೋನ್ ಅಲ್ಲ ಡೋರೀನ್. ಇಂಥದು ಇನ್ಯಾರ ಹತ್ರ ಇದೆ, ಫೋನ್ ಮಾಡಿ."

ವೆಂಡೆಲ್‌ನ ಕೈ ಗುಂಡಿಯ ಕಡೆ ಹೋಗಿತ್ತು. ಅದನ್ನು ಒತ್ತಿದರೆ ಮೈಕು ಸತ್ತು ಸಂಗೀತ ಬರುತ್ತದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಲೆಂಪಿ, ನಾನು ಅರ್ವಿಡ್. ಆ ಸೀಸ ನನಗೇ ಇರಲಿ. ಗಾಳಕ್ಕೆ ಭಾರ ಎರಕ ಹೊಯ್ಕೋತೀನಿ. ಆರಡಿ ಅಂದ್ರೆ ಎರಡು ಬೇಸಿಗೆಗೆ ಸಾಕು."

"ದುಡ್ಡು ಕೊಟ್ಟು ಯಾಕೆ ಕೊಳ್ತೀಯ? ಮೊದಲು ನಿನ್ನ ಮನೇದು ನೋಡು."

"ನಮ್ಮನೇಲಿ ಎಲ್ಲಾ ಚೆನ್ನಾಗಿದೆ."

"ಇದ್ದರೆ ಬಿಟ್ಟಿ ಮಾಲು ಅರ್ವಿಡ್."

ಆಮೇಲೆ ರಿಸೀವರ್ ಮೇಜಿನ ಮೇಲೆ ಕುಕ್ಕಿದ ಸದ್ದು, ಮೆಟ್ಟಿಲು ಇಳಿಯುವ ಸದ್ದು. ಅರ್ವಿಡ್ ಮನೆಯ ನಾಯಿ ಬೊಗಳಿತು. ಇಡೀ ಜಿಲ್ಲೆ ಅರ್ವಿಡ್ ಪೆಲ್ಟೊನ ನೆಲಮಾಳಿಗೆಯನ್ನು ಕೇಳುತ್ತ ಕೂತಿತು. ರೇಡಿಯೋದಲ್ಲಿ ಎರಡು ನಿಮಿಷದ ಮೌನವೆಂದರೆ ಮಹಾಪರಾಧ. ವೆಂಡೆಲ್ ಬೇರೆಯವರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. ಅವನು ಗುಂಡಿಯಿಂದ ಕೈ ತೆಗೆದು, ಕುರ್ಚಿಯಲ್ಲಿ ಕೂತು, ಕಾಗದ ಪೆನ್ನು ಎಳೆದುಕೊಂಡ.

ಅರ್ವಿಡ್ ಏದುಸಿರಿನಿಂದ ಮರಳಿದ. "ಲೆಂಪಿ..."

"ಹೇಳು."

"ನನ್ಹತ್ರನೇ ಇದೆ."

ಆಮೇಲೆ ಫೋನು ನಿಲ್ಲಲಿಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನಂತೆ ಊರಿಗೆ ಊರೇ ಫ್ರಿಜ್ಜಿನ ಅಯಸ್ಕಾಂತ ಹಿಡಿದು ಕೆಳಗಿಳಿಯಿತು. ಡೋರೀನ್ ಹೇಳಿದಳು: "ನನ್ನದು ಹೊಳೆಯುತ್ತೆ ಕಣೇ. ಕಾಗದ ಸುಟ್ಟಿದ್ದಕ್ಕೆ ಇನ್ನೊಂದು ಕೊಡ್ತಾರಾ?" ಇನ್ನೊಬ್ಬ ತನ್ನದು ಲೆಂಪಿಯದಕ್ಕಿಂತ ಎರಡು ಅಡಿ ಉದ್ದ ಎಂದು ಜಂಭ ಕೊಚ್ಚಿಕೊಂಡ. ಈ ಜನ ತೊಂದರೆ ಇದೆ ಎಂದು ಯಾರಿಗೂ ಹೇಳಿಕೊಳ್ಳುವವರಲ್ಲ. ಆದರೆ ತಮ್ಮ ಮನೆಯ ವಸ್ತುವನ್ನು ಬಣ್ಣಿಸಿ ಎಂದರೆ ಅಳತೆ, ಬಣ್ಣ, ವಯಸ್ಸು ಎಲ್ಲ ಹೇಳುತ್ತಾರೆ. ಬೇರೆ ಬೀದಿಯವರೂ ಮಾಡಿದರು. ವೆಂಡೆಲ್ ಹೆಸರು, ಮನೆ ನಂಬರು, ಕೊಳವೆ ಎಂಥದು ಎಂದು ಬರೆಯುತ್ತ ಹೋದ; ಶಾಫ್ಟ್ ಬೀದಿಯ ಪ್ರತಿ ಮನೆಗೂ ಒಂದೊಂದು ಬೆರಳೆತ್ತಿ ಗಾಜಿನಾಚೆಯಿಂದ ತೋರಿಸಿದ. ಹತ್ತಕ್ಕೆ ಐದು ನಿಮಿಷವಿದ್ದಾಗ ಒಂಬತ್ತು ಬೆರಳು ಮೇಲಿದ್ದವು. ಒಂದು ಹೆಬ್ಬೆರಳು ಮಡಚಿಕೊಂಡೇ ಇತ್ತು.

ಎರಡು ನಿಮಿಷ ಯಾರೂ ಮಾಡಲಿಲ್ಲ. ಒಬ್ಬ ಮಾಡಿದ, ಅವನಿಗೆ ಶುರುವಿನಲ್ಲಿ ಹೇಳಿದ್ದ ದೋಣಿ ಬೇಕಿತ್ತು. ಹತ್ತಕ್ಕೆ ಎರಡು ನಿಮಿಷ.

"ಕ್ಲೈಡ್ ಟ್ರೆಗೆಯರ್ ಮಾತಾಡೋದು." ದನಿ ಗಡುಸಾಗಿತ್ತು. "ಮನೆ ಮಾರಾಟಕ್ಕಿದೆ. ಶಾಫ್ಟ್ ಬೀದಿ, ಮೂರು ಕೋಣೆ. ಸೂರು ಹೊಸದು. ಗ್ಯಾರೇಜಿದೆ. ಹಿತ್ತಲಲ್ಲಿ ಸೇಬಿನ ಮರ, ಹಣ್ಣು ಬಿಡುತ್ತೆ."

ಲೆಂಪಿ ಕೇಳಲೇಬೇಕಿತ್ತು. ಎಲ್ಲರಿಗೂ ಕೇಳಿದ್ದನ್ನೇ ಕೇಳಬೇಕು, ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ.

"ಹುಳುಕೇನು?"

"ಗ್ಯಾರೇಜಿನ ಬಾಗಿಲು ಚಳೀಲಿ ಕಚ್ಕೊಳ್ಳುತ್ತೆ."

"ಆಮೇಲೆ?"

"ಸೇಬು ಹುಳಿ."

"ಅಷ್ಟೇನಾ ಕ್ಲೈಡ್?"

"ಅಷ್ಟೇ ಅಂತ ನಾನು ಹೇಳಿದರೆ ಈ ಊರಲ್ಲಿ ಇನ್ನು ಯಾರು ನಂಬ್ತಾರೆ? ಇಷ್ಟೊಂದು ಮನೆಯವರು ಹೊಳೀತು ಹೊಳೀತು ಅಂತ ಕೂಗಿದ ಮೇಲೆ ನಂದೊಂದು ಬಂಗಾರದ್ದಾ?" ಕೆಮ್ಮಿದ. "ಪೈಪು. ಬೂದು. ಅಯಸ್ಕಾಂತ ಹಿಡಿಯಲ್ಲ. ಕೆರೆದು ನೋಡ್ದೆ. ಹೊಳೀತು. ಬರ್ಕೋ."

ಗಾಜಿನಾಚೆ ವೆಂಡೆಲ್‌ನ ಹೆಬ್ಬೆರಳು ಎದ್ದಿತು.

ಹತ್ತೂ ಹತ್ತಕ್ಕೆ ಹಸಿರು ವ್ಯಾನು ಎಂದಿನಂತೆ ಹೊರಟಿತು. ಈ ಸಲ ಸಾಮಾನು ತರಲಿಕ್ಕಲ್ಲ. ಪುರಸಭೆಗೆ ಬಾಯಿಮಾತು ಸಾಲದು, ಸಹಿ ಬೇಕು. ಜನ ಮಾತು ಕೊಟ್ಟ ಬಿಸಿ ಆರುವ ಮೊದಲು ಬಾಗಿಲಿಗೆ ಹೋಗಬೇಕು ಎನ್ನುವುದನ್ನು ಲೆಂಪಿಗೆ ಯಾರೂ ಕಲಿಸಬೇಕಿರಲಿಲ್ಲ. ಕ್ಲೈಡ್ ಕೊನೆಯವನು. ಬಾಗಿಲನ್ನು ಈ ಸಲ ಪೂರ್ತಿ ತೆರೆದ, ಮಾತಾಡದೆ ಸಹಿ ಹಾಕಿದ, ಪೆನ್ನು ಲೆಂಪಿಯದು, ಅದನ್ನು ತಾನೇ ಇಟ್ಟುಕೊಂಡ.

ಮಂಡಳಿಯವರು ಸಭೆ ಸೇರಿದರು. ಸಹಿ ಮುರಿದದ್ದು ಮುರಿದದ್ದೇ. ಲೆಂಪಿಯನ್ನು ನಾಲ್ಕು ಶನಿವಾರ ಹೊರಗಿಟ್ಟರು. ಅವಳ ಜಾಗದಲ್ಲಿ ವೆಂಡೆಲ್ ಕೂತ. "ತಮ್ಮ ವಸ್ತುವಿನಲ್ಲಿ ಏನಾದರೂ ನ್ಯೂನತೆ ಇದೆಯೇ?" ಎಂದು ಮರ್ಯಾದೆಯಿಂದ ಕೇಳಿದ. ಎಲ್ಲರೂ ಮರ್ಯಾದೆಯಿಂದಲೇ "ಇಲ್ಲ" ಎಂದರು. ಆ ತಿಂಗಳು ಟ್ರೆವಾನನ್‌ನಲ್ಲಿ ಆದಷ್ಟು ಜಗಳ ಹಿಂದೆಂದೂ ಆಗಿರಲಿಲ್ಲ. ಐದನೆಯ ಶನಿವಾರ ಲೆಂಪಿ ಮತ್ತೆ ಕುರ್ಚಿಗೆ ಬಂದಳು, ಕಾಗದಕ್ಕೆ ಹೊಸದಾಗಿ ಸಹಿ ಹಾಕಿ. ಕೊಳ್ಳಕೂಡದು ಎಂದು ಆ ಕಾಗದದಲ್ಲೂ ಇರಲಿಲ್ಲ. ಸಹಿಗೆ ಮುಂಚೆ ಎರಡು ಸಲ ಓದಿ ಖಚಿತಪಡಿಸಿಕೊಂಡಿದ್ದಳು.

ವೆಂಡೆಲ್ ಎಂಟನೆಯ ಕಂತು ಮಾಡಿದ. ಐದೇ ನಿಮಿಷ. ಅದರಲ್ಲಿ ಅರ್ವಿಡ್ ಮೆಟ್ಟಿಲು ಇಳಿಯುವ ಸದ್ದು, ನಾಯಿ ಬೊಗಳುವುದು, "ನನ್ಹತ್ರನೇ ಇದೆ", ಇಷ್ಟೇ ಇತ್ತು. ಸೇತುವೆಯ ಆಚೆಯ ಮೂರು ರೇಡಿಯೋದವರು ಅದನ್ನು ಕೇಳಿ ಪಡೆದು ತಮ್ಮ ಊರುಗಳಲ್ಲಿ ಹಾಕಿದರು. ತೊಟ್ಟಿಕ್ಕುವ ನೀರನ್ನು ಅವನು ಕೈಬಿಟ್ಟಿದ್ದ.

ಜುಲೈಯಲ್ಲಿ ಶಾಫ್ಟ್ ಬೀದಿಯನ್ನು ಅಗೆದರು. ಎರಡು ವಾರ ಧೂಳು, ಹಲಗೆಯ ಮೇಲೆ ನಡಿಗೆ, ಎಲ್ಲರ ಬೈಗುಳವೂ ಲೆಂಪಿಗೇ. ಕಿತ್ತ ಕೊಳವೆಯನ್ನು ಪುರಸಭೆಯವರು ಲಾರಿಯಲ್ಲಿ ಹೇರಿಕೊಂಡು ಹೋದರು. ಅರ್ವಿಡ್ ಒಂದು ತುಂಡಿಗಾಗಿ ಮೂರು ದಿನ ಲಾರಿಯ ಹಿಂದೆ ಸುತ್ತಿ ಬರಿಗೈಯಲ್ಲಿ ಮರಳಿದ. ಅಕ್ಟೋಬರಿನಲ್ಲಿ ಜೂನಿಯ ರಕ್ತ ಮತ್ತೆ ನೋಡಿದರು. ನರ್ಸು ಫೋನ್ ಮಾಡಿದಳು. ಈ ಸಲ "ಗಾಬರಿಯೇನಿಲ್ಲ" ಎನ್ನಲಿಲ್ಲ, ನೇರವಾಗಿ ಸಂಖ್ಯೆ ಹೇಳಿದಳು. ಇಳಿದಿತ್ತು. ಕ್ಯಾರಿನ್ ಫೋನಿಟ್ಟು, ನಲ್ಲಿ ತಿರುಗಿಸಿ, ಒಂದು ಲೋಟ ನೀರು ಹಿಡಿದು ತಾನೇ ಕುಡಿದಳು.

ಅದೇ ವಾರ ಕ್ಲೈಡ್ ಮತ್ತೆ ರೇಡಿಯೋಗೆ ಫೋನ್ ಮಾಡಿದ. ಮನೆ ಇನ್ನೂ ಹೋಗಿರಲಿಲ್ಲ, ಆದರೆ ಸೇತುವೆಯ ಆಚೆಯ ಒಂದು ಜೋಡಿ ಎರಡು ಸಲ ಬಂದು ನೋಡಿತ್ತು.

"ಮೂರು ಕೋಣೆ, ಗ್ಯಾರೇಜು, ಸೇಬಿನ ಮರ. ನೀರಿನ ಪೈಪು ಹೊಸಾ ತಾಮ್ರದ್ದು, ಬೀದಿಯಿಂದ ನಲ್ಲಿವರೆಗೂ. ಗ್ಯಾರೇಜ್ ಬಾಗಿಲೂ ಸರಿ ಮಾಡಿಸ್ದೆ."

"ಹುಳುಕೇನು?"

"ಒಂದೇ ಒಂದಿದೆ," ಎಂದ ಕ್ಲೈಡ್. "ಎದುರು ಮನೆ ಹೆಂಗಸು ಎಲ್ಲಾನೂ ರೇಡಿಯೋದಲ್ಲಿ ಹೇಳ್ತಾಳೆ."